ಹುಲ್ಲಿನ ಮೇಲಿನ ನಗು

ಸಿನಿಮಾ ಪರದೆಯ ಮೇಲೆ ಉಡಾಳ ಅಮೆರಿಕದ ಹುಡುಗನೊಬ್ಬ ಬೂಟುಗಾಲಲ್ಲೇ ಕಾಲೇಜಿನ ಹುಲ್ಲುಹಾಸಿಗೆ ಇಳಿದಾಗ ವಿಲ್ಫ್ರೆಡ್ ಕುರ್ಚಿಯ ತುದಿಗೆ ಸರಿದ. ಆ ಕಾಲೇಜಿನ ಬಾಗಿಲಲ್ಲಿ ಇಪ್ಪತ್ತೇಳು ವರ್ಷ ಕಾವಲು ನಿಂತವನು ಅವನು. ಪ್ರೊಫೆಸರರನ್ನು ಬಿಟ್ಟು ಒಂದು ನರಪಿಳ್ಳೆಗೂ ಆ ಹುಲ್ಲು ತುಳಿಯಲು ಬಿಟ್ಟವನಲ್ಲ. ಚಿತ್ರೀಕರಣದ ದಿನ ಕಾವಲುಗಾರನಾಗಿಯೇ ಕ್ಯಾಮೆರಾ ಮುಂದೆ ಸುಮ್ಮನೆ ನಿಲ್ಲಬೇಕೆಂದು ಸಿನಿಮಾದವರು ಹೇಳಿದ್ದರೂ ಬಾಯಿ ತಡೆಯದೆ, "ಹುಲ್ಲಿಂದ ಆಚೆ ಬನ್ನಿ ಸಾರ್!" ಎಂದು ನಿಜವಾಗಿಯೇ ಗದರಿಬಿಟ್ಟಿದ್ದ. ಅರ್ಧ ಜನ ಎದ್ದುಹೋಗಿದ್ದ ಈ ಸಪ್ಪೆ ಸಿನಿಮಾದಲ್ಲಿ ಅವನು ಆಕಳಿಸುತ್ತ ಕಾದದ್ದು ಆ ಒಂದು ಕೂಗಿಗೆ.

ಕೂಗು ಬರಲಿಲ್ಲ. ಹುಡುಗ ಹುಲ್ಲಿನ ಮೇಲೆ ಕುಣಿದ. ಮರುಕ್ಷಣ ಪರದೆಯ ತುಂಬ ವಿಲ್ಫ್ರೆಡನದೇ ಮುಖ, ಬಾಯ್ತುಂಬ ನಗುತ್ತಿತ್ತು.

"ಇದೇನಪ್ಪಾ, ಅವ್ನು ತುಳೀತಿದ್ರೆ ಹಲ್ಲು ಕಿರೀತಿದ್ದೀಯಲ್ಲ!" ಪಕ್ಕದಲ್ಲಿದ್ದ ಮಗಳು ಹೇಜಲ್ ಪಿಸುಗುಟ್ಟಿದಳು. "ಚಿಕ್ಕೋಳಿದ್ದಾಗ ಚೆಂಡು ತರೋಕೆ ಹೋದ್ರೆ ನನ್ನೇ ಬೈದಿದ್ದೆ."

ವಿಲ್ಫ್ರೆಡ್ ಎರಡೂ ಕೈಯಿಂದ ಮುಖ ಉಜ್ಜಿಕೊಂಡ.

"ಆ ನಗು ಅವ್ನಿಗಲ್ಲ ಕಣೇ," ಎಂದ, ಸೋತ ದನಿಯಲ್ಲಿ. "ಬೇರೆ ಹೊತ್ತಲ್ಲಿ ತೆಗೆದದ್ದನ್ನ ಕಿತ್ತು ಇಲ್ಲಿ ಅಂಟಿಸಿದ್ದಾರೆ. ಅವತ್ತು ಮಧ್ಯಾಹ್ನ ನಂಗೆ ಊಟ ತಂದು ನೀನು ಗೇಟ್ ಹತ್ರ ನಿಂತಿದ್ಯಲ್ಲ, ಆಗ ನಕ್ಕಿದ್ದು."