ಹೂವು ಕೇಳಲು ಹೋದ ಮೇಷ್ಟ್ರು

ಫೆಬ್ರವರಿಯಲ್ಲಿ ಹಿತ್ತಿಲಿನ ಸೇಬಿನ ಗಿಡ ಈ ಸಲವೂ ಕಾಯಿ ಕಟ್ಟದೆ ಹೂವುದುರಿಸತೊಡಗಿದಾಗ, ಗುಬ್ಬಿಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ಅನಂತರಾಜು ಮೇಷ್ಟ್ರು ಗೊಬ್ಬರವನ್ನು ಬೈದರು, ಬಿಸಿಲನ್ನು ಬೈದರು. ಹೆಂಡತಿ ನಂದಿತಾ ಮೊಬೈಲ್ ನೋಡಿ ಹೇಳಿದಳು: “ರೀ, ನಮ್ದು ಅನ್ನಾ ತಳಿ. ಚಳಿ ಅಷ್ಟು ಬೇಡ, ಆದ್ರೆ ತನ್ನದೇ ಪರಾಗದಿಂದ ಸರಿಯಾಗಿ ಕಾಯಿ ಕಟ್ಟಲ್ವಂತೆ. ಜೊತೆಗೆ ಡಾರ್ಸೆಟ್ ಗೋಲ್ಡನ್ ಅನ್ನೋ ಇನ್ನೊಂದು ತಳಿ ಇರ್ಬೇಕಂತೆ.”

ಮೇಷ್ಟ್ರು ತಲೆ ಚಚ್ಚಿಕೊಂಡರು. “ವರ್ಷಾ ವರ್ಷಾ ಬೋರ್ಡ್ ಮೇಲೆ ಪರಾಗಸ್ಪರ್ಶದ ಚಿತ್ರ ಬರೀತೀನಿ ಕಣೇ. ಮನೆ ಗಿಡಕ್ಕೂ ಅದು ಬೇಕು ಅಂತ ಹೊಳೀಲೇ ಇಲ್ಲ. ನನಗೇ ಸೊನ್ನೆ ಕೊಡ್ಬೇಕು.”

ಕಷ್ಟ ಬೇರೆಯೇ ಇತ್ತು. ಅವರಿಗೆ ಗೊತ್ತಿದ್ದ ಒಂದೇ ಡಾರ್ಸೆಟ್ ಗೋಲ್ಡನ್ ಇದ್ದದ್ದು ತುಮಕೂರಿನ ಉಪ್ಪಾರಹಳ್ಳಿಯಲ್ಲಿ, ಅಣ್ಣ ಶಿವಮೂರ್ತಿಯವರ ಅಂಗಳದಲ್ಲಿ. ಹಿಂದೆ ಗಿಡ ಕೊಳ್ಳಲು ನರ್ಸರಿಗೆ ಇಬ್ಬರೂ ಒಟ್ಟಿಗೇ ಹೋಗಿದ್ದರು. ಅಣ್ಣ ಹಳದಿ ಹಣ್ಣಿನ ತಳಿ ಆರಿಸಿಕೊಂಡಾಗ ಮೇಷ್ಟ್ರು ಎಲ್ಲರೆದುರು, “ನಿನಗೆ ಗಿಡದ ಬಗ್ಗೆ ಏನ್ ಗೊತ್ತು? ಕಾಮಾಲೆ ಬಂದ ಸೇಬು ತಿನ್ನು” ಎಂದಿದ್ದರು. ಅಂದಿನಿಂದ ಮಾತು ನಿಂತಿತ್ತು.

ಮೇಷ್ಟ್ರು ಖಾಲಿ ಬಕೆಟ್ ಹಿಡಿದು ಬಸ್ ಹತ್ತಿದರು. ಅಣ್ಣನೇ ಬಾಗಿಲು ತೆಗೆದರು.

“ಏನ್ಲಾ, ಗುಬ್ಬೀಲಿ ನೀರು ಬರ್ತಿಲ್ವಾ?”

“ನೀರಲ್ಲ ಕಣಣ್ಣ. ನಿನ್ ಸೇಬಿನ ಗಿಡದ್ದು ಹೂವಿರೋ ಒಂದೆರಡು ಕೊಂಬೆ ಬೇಕಿತ್ತು. ನನ್ ಗಿಡ ಒಂಟಿಯಾಗಿದ್ರೆ ಕಾಯಿ ಬಿಡಲ್ವಂತೆ.”

“ಕಾಮಾಲೆ ಗಿಡದ್ದಾ?”

“ಹೂಂ. ಪಾಠ ಹೇಳೋನೂ ನಾನೇ, ಫೇಲಾದೋನೂ ನಾನೇ. ಬೈಯೋದಿದ್ರೆ ಬೈದ್ಬುಡು, ಐದು ಗಂಟೆ ಬಸ್ ಹಿಡೀಬೇಕು.”

ಶಿವಮೂರ್ತಿ ಒಳಗೆ ಹೋದರು. ಇನ್ನು ಬಾಗಿಲು ಹಾಕುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಕತ್ತರಿ ಹಿಡಿದು ಬಂದರು. ಹೂವು ತುಂಬಿದ ಕೊಂಬೆಗಳನ್ನೇ ಹುಡುಕಿ ಕತ್ತರಿಸಿ, ಬಕೆಟ್ಟಿಗೆ ನೀರು ತುಂಬಿ, “ಕಾಫಿ ಕುಡ್ಕಂಡ್ ಹೋಗು” ಎಂದರು. ಮೇಷ್ಟ್ರು ಕೂತು ಎರಡು ಲೋಟ ಕುಡಿದರು. ಬಸ್ಸೂ ತಪ್ಪಿತು.

ಮರುದಿನ ಬೆಳಿಗ್ಗೆ ಸ್ಟೂಲ್ ಹತ್ತಿ, ಪೇಂಟಿಂಗ್ ಬ್ರಷ್ಷಿನಿಂದ ಆ ಹೂಗಳ ಪರಾಗವನ್ನು ತಮ್ಮ ಗಿಡದ ಹೂಗಳಿಗೆ ಸವರತೊಡಗಿದರು.

“ಏನ್ ಮೇಷ್ಟ್ರೇ, ಹೂವಿಗೆ ಬಣ್ಣ ಹೊಡೀತಿದೀರಾ?” ಎಂದು ಪಕ್ಕದ ಮನೆಯ ಜೈನಬ್ ಬೀ ಕಾಂಪೌಂಡಿನಾಚೆಯಿಂದ ಕೇಳಿದರು.

“ಇಲ್ಲಮ್ಮ, ಜೇನುಹುಳದ ಕೆಲಸಕ್ಕೆ ಸೇರ್ಕೊಂಡಿದೀನಿ. ಅದಕ್ಕಾದ್ರೂ ಲಾಯಕ್ಕಾ ನೋಡೋಣ ಅಂತ.”

ಮಾರ್ಚ್‌ನಲ್ಲಿ ಒಂದು ದಿನ ಎಲೆಗಳ ಸಂದಿಯಲ್ಲಿ ಕಡಲೆಕಾಳಿನಷ್ಟು ಕಾಯಿ ಕಂಡಿತು. ಮೇಷ್ಟ್ರು ಅದರ ಹಿಂದೆ ಹೆಬ್ಬೆರಳಿಟ್ಟು, ಉಸಿರು ಬಿಗಿಹಿಡಿದು ಫೋಟೋ ತೆಗೆದು ಅಣ್ಣನಿಗೆ ಕಳಿಸಿದರು.

ತಕ್ಷಣ ಫೋನ್ ಬಂತು. “ಬರೀ ನಿನ್ ಹೆಬ್ಬೆಟ್ಟು ಕಾಣ್ತೈತಲ್ಲೋ. ಕಾಯಿ ಎಲ್ಲಿ?”

“ಇದೆ ಕಣಣ್ಣ. ಸರಿಯಾಗಿ ನೋಡು.”

“ಕಾಣ್ತಿಲ್ಲ ಬುಡು. ಭಾನುವಾರ ನಾನೇ ಬರ್ತೀನಿ. ನಿಮ್ ಸ್ಕೂಲಿಂದ ಭೂತಗನ್ನಡಿ ತಂದಿಟ್ಟಿರು.”