ಟಸರು ಕೋಟು

ಕಂಬಳಿಯನ್ನು ಹಾಡುಗಾರ ಮನ್ಮಥಪ್ಪ ಕಾಲಿನಿಂದ ಪಕ್ಕಕ್ಕೆ ತಳ್ಳಿದ. ಬಿಳಿ ಧೋತರ, ಬಿಳಿ ಅಂಗಿ, ಹೆಗಲಿಗೊಂದು ಕಂಬಳಿ. ವಲಾಂಡಿ ಹಳ್ಳಿಯ ಭಜನಾ ಮೇಳ ಅಜ್ಜನ ಕಾಲದಿಂದ ಹೀಗೇ ಹಾಡಿಕೊಂಡು ಬಂದಿದೆ ಎಂದು ತಾಳದ ಅಮೃತಪ್ಪ ನೆನಪಿಸಿದ. ಅಜ್ಜ ಹಾಡುತ್ತಿದ್ದದ್ದು ದನಗಳ ಮುಂದೆ ಎಂದ ಮನ್ಮಥಪ್ಪ.

ಇವತ್ತಿನದು ಉದಗೀರದ ಮಠದ ವೇದಿಕೆ. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಐದು ವರ್ಷದಲ್ಲಿ ಇಷ್ಟು ಜನ ಸೇರುತ್ತಿರುವುದು ಇದೇ ಮೊದಲು. ಅದಕ್ಕಿಂತ ದೊಡ್ಡ ಮಾತು ಬೇರೆಯೇ ಇತ್ತು. ಉದಗೀರದ ರೇವಣಪ್ಪ ಮತ್ತು ಅವನ ಹೆಂಡತಿ ಪ್ರಯಾಗಬಾಯಿ ಮುಂದಿನ ಸಾಲಿನಲ್ಲಿ ಕೂಡುವವರಿದ್ದರು. ನಲವತ್ತು ಎಕರೆ ಎರೆಭೂಮಿ, ಒಬ್ಬನೇ ಮಗ. ಅಮೃತಪ್ಪನ ಮೂಲಕ ಮನ್ಮಥಪ್ಪನ ಮಗಳನ್ನು ಕೇಳಿದ್ದರು. ಎರಡೂ ಕಡೆಯ ಹಿರಿಯರು ಇನ್ನೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಹಾಡು ಮುಗಿದ ಮೇಲೆ ಮಾತು ಮುಗಿಸುವುದೆಂದಾಗಿತ್ತು. ಇಂಥ ಸಂಬಂಧ ಕೈಬಿಟ್ಟರೆ ಮತ್ತೆ ಸಿಗದು. ಕಂಬಳಿ ಹೊದ್ದು ನಿಂತರೆ ಯಾರು ಮರ್ಯಾದೆ ಕೊಡುತ್ತಾರೆ?

ಉದಗೀರದ ಕೋಟೆಯ ಹಿಂದಿನ ಓಣಿಯಲ್ಲಿ ಅಗಸಗಿತ್ತಿ ಬಾಳಮ್ಮ ಇದ್ದಳು. ತೊಳೆಯಲು ಬಂದ ಬಟ್ಟೆಯನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಕೊಡುತ್ತಿದ್ದಳು. ಬಾದಾಮಿ ಬಣ್ಣದ ಟಸರು ರೇಷ್ಮೆಯ ಕೋಟನ್ನು ಕೈಗಿಟ್ಟು, “ಯಾರ್ದು ಅಂತ ಕೇಳಬ್ಯಾಡ್ರಿ. ಸಂಜಿಗಿ ತಿರುಗಿ ಕೊಡ್ರಿ” ಎಂದಳು. ಮೊಣಕೈ ಹತ್ತಿರ, ಹರಿದದ್ದನ್ನು ದಾರದಿಂದ ನೇಯ್ದು ಮುಚ್ಚಿದ ಚಿಕ್ಕದೊಂದು ರಫೂ ಇತ್ತು. ಅಷ್ಟು ಹತ್ತಿರದಿಂದ ಯಾರು ನೋಡುತ್ತಾರೆ, ಬಿಡು ಎಂದುಕೊಂಡ.

ವೇದಿಕೆ ಹತ್ತಿದಾಗ ಅಮೃತಪ್ಪ ಕಣ್ಣಿನಲ್ಲೇ ಬೀಗರಾಗುವವರನ್ನು ತೋರಿಸಿದ. ಮನ್ಮಥಪ್ಪ ರೇವಣಪ್ಪನನ್ನು ಮೇಲಿಂದ ಕೆಳಗೆ ನೋಡಿದ. ಸುಕ್ಕಾದ ಅಂಗಿ, ಹಳೇ ರುಮಾಲು. ನಲವತ್ತು ಎಕರೆಯವನ ಅವತಾರ ಇದೇನಾ? ಊರ ಮುಂದೆ ಬಡಾಯಿ, ಮನೆಯೊಳಗೆ ಬೆಕ್ಕಿಗೂ ಹಾಲಿಲ್ಲ!

ಹಾಡು ಏರಿತು. ಅವನು ಕೈ ಎತ್ತಿದಾಗೆಲ್ಲ ಪ್ರಯಾಗಬಾಯಿಯ ಕಣ್ಣು ತೋಳಿನ ಮೇಲೆಯೇ. ಆಕೆ ಗಂಡನನ್ನು ತಿವಿದು ತೋರಿಸಿದಳು ಕೂಡ. ಪಾಪ, ಟಸರು ಕಂಡೇ ಇರಲಿಕ್ಕಿಲ್ಲ ದರಿದ್ರದವರು. ಚೆನ್ನಾಗಿ ನೋಡಲೆಂದು ಮನ್ಮಥಪ್ಪ ಕೈಯನ್ನು ಇನ್ನಷ್ಟು ಮೇಲೆತ್ತಿ ಹಾಡಿದ.

ಮುಗಿದ ಮೇಲೆ ರೇವಣಪ್ಪನೇ ಬಳಿಗೆ ಬಂದು ಹಾಡು ಛಲೋ ಆಯಿತೆಂದ. ಮನ್ಮಥಪ್ಪ ಎದೆಯ ಗುಂಡಿ ಸರಿಪಡಿಸಿಕೊಂಡ.

“ಸಭಾಕ್ಕ ಬರೂಮುಂದ ಮೈಮ್ಯಾಲ ಒಂದು ಕೋಟರೇ ಬ್ಯಾಡೇನ್ರಿ? ಅದೂ ಇಲ್ಲದ ಮನಿಗಿ ಹೆಣ್ಣು ಹೆಂಗ ಕೊಡ್ಲಿ?”

ಅಮೃತಪ್ಪನ ಕೈಯಿಂದ ತಾಳ ಜಾರಿತು. ರೇವಣಪ್ಪ ತಲೆ ತಗ್ಗಿಸಿದ. ಪ್ರಯಾಗಬಾಯಿ ಮಾತ್ರ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಇವ್ರ ಕೋಟು ಇನ್ನಾ ಹಸಿ ಅದ ಅಂತ ಬಾಳಮ್ಮ ಮುಂಜಾನಿ ಹೇಳಿ ಹೋದ್ಳ್ರೀ. ನೀವು ಕಳದು ಕೊಡೂತನ ಕೈ ಭಾಳ ಎತ್ತಬ್ಯಾಡ್ರಿ, ಆ ರಫೂ ನಾನೇ ಹಾಕೀನಿ.”