ಏರಿನ ಕಡೆ ಓಡಿದವಳು

ಗುದ್ದಲಿ ಕಾವಿನ ಮೊದಲ ಏಟು ಗುಡಿಸಲಿನ ಬಾಗಿಲಿಗೆ ಬಿತ್ತು, ಎರಡನೆಯದು ಅವಳ ಭುಜಕ್ಕೆ. ಮೂರನೆಯದು ಬೀಳುವ ಮೊದಲೇ ಅವಳು ಹಿಂಬಾಗಿಲಿನಿಂದ ಹೊರಗೆ ಹಾರಿದ್ದಳು.

“ಎಲ್ಲೇ ಅವನು?” ಎಂದು ಗಂಡ ಅರಚಿದ. ಒಳಗೆ ಹಾಸಿಗೆ ಒಂದೇ ಇತ್ತು, ತಟ್ಟೆಯೂ ಒಂದೇ. ಅದನ್ನೆಲ್ಲ ನೋಡುವ ವ್ಯವಧಾನ ಆ ಮಹಾರಾಯನಿಗೆಲ್ಲಿತ್ತು?

ಬೆಟ್ಟದಲ್ಲಿ ಅವರಿಗೆ ಮೂರು ತೋಟ, ಮೂರೂ ಔಷಧಿ ಬೇರಿನವು. ಬುಡದ ನರ್ಸರಿಯಲ್ಲಿ ಗಂಡ ಸಸಿ ಮಾಡುತ್ತಿದ್ದ. ಅವು ನಡುತೋಟದಲ್ಲಿ ಹದಿನೈದು ದಿನ ನಿಂತು ಚಳಿಗೆ, ತೆಳುಗಾಳಿಗೆ ಒಗ್ಗಬೇಕು. ಆಮೇಲೆಯೇ ಮರವೂ ಬೆಳೆಯದ ಈ ಎತ್ತರದ ಮಡಿಗಳಿಗೆ. ಅವಸರಪಟ್ಟು ಸಸಿಗಳನ್ನು ನೇರ ಮೇಲಕ್ಕೆ ಹೊತ್ತ ಆಳುಗಳ ಕೆನ್ನೆಗೆ ಅವನು ಬಾರಿಸಿದ್ದುಂಟು. ಹೆಂಡತಿಗೆ ಬಾರಿಸಲು ಕಾರಣವೇ ಬೇಕಿರಲಿಲ್ಲ. ಎರಡು ವರ್ಷದ ಹಿಂದೆ ಅವಳ ಮಣಿಕಟ್ಟು ಮುರಿದು, ಒಂದೇ ದಿನದಲ್ಲಿ ಇಲ್ಲಿಗೆ ಅಟ್ಟಿದ್ದ. ಮೊದಲ ವಾರ ಅವಳು ಉಸಿರಿಗಾಗಿ ಒದ್ದಾಡಿದ್ದಳು. ಸಾಯದೆ ಉಳಿದದ್ದೇ ಹೆಚ್ಚು. ಅವನಂತೂ ಒಮ್ಮೆಯೂ ಹತ್ತಿ ಬರಲಿಲ್ಲ.

ಇವತ್ತು ಬೆಳಗಿನ ಜಾವ, ಮೇಲಿನ ತೋಟಕ್ಕೆ ಸಾಮಾನು ಹೊರಿಸುವ ಹೇಸರಗತ್ತೆಯವನು ನರ್ಸರಿಗೆ ಬಂದು, ಮೇಲಿನ ಗುಡಿಸಲಲ್ಲಿ ಗಂಡಸೊಬ್ಬನಿದ್ದಾನೆ ಎಂದು ಕಿವಿಯಲ್ಲಿ ಊದಿದ. ಅಷ್ಟೇ ಸಾಕಾಯಿತು. ನಡುತೋಟದವರೆಗೆ ಜೀಪು, ಅಲ್ಲಿಂದ ಕಾಲ್ನಡಿಗೆ. ಇವತ್ತಿದ್ದು ನಾಳೆ ಹತ್ತಿ ಎಂದ ಅಲ್ಲಿನ ಕಾವಲುಗಾರನನ್ನು ತಳ್ಳಿ ಬಂದ. ಈ ಸಲ ಅವಳನ್ನು ಕೊಂದೇ ಇಳಿಯುತ್ತೇನೆಂದು ಎಲ್ಲರೆದುರು ಆಣೆಯಿಟ್ಟಿದ್ದ. ಆಣೆಯ ವಿಷಯದಲ್ಲಿ ಮಾತ್ರ ಮಾತಿಗೆ ತಪ್ಪುವವನಲ್ಲ.

ಬುದ್ಧಿ ನೆಟ್ಟಗಿರುವವರು ಇಂಥ ಹೊತ್ತಿನಲ್ಲಿ ಇಳಿಜಾರಿಗೆ ಓಡುತ್ತಾರೆ, ಕೆಳಗೆ ಜನರಿದ್ದಾರೆ. ಅವಳು, ಪಾಪ, ಏರಿನ ಕಡೆ ಓಡಿದಳು. ಎಡವಿದಳು, ಕುಸಿದು ಕೂತಳು, ಇನ್ನೇನು ಸಿಕ್ಕೇಬಿಟ್ಟಳು ಎನ್ನುವಾಗ ಎದ್ದು ಮತ್ತೆ ಓಡಿದಳು. ಒಮ್ಮೆ ಕಾವು ಬೀಸಿ ಬಂದು ಕಿವಿ ಸೀಳಿತು. ರಕ್ತ ಕುತ್ತಿಗೆಗಿಳಿಯಿತು. ಆದರೂ ಹತ್ತುತ್ತಲೇ ಇದ್ದಳು.

ಕಟುಕರೋಹಿಣಿ ಗಿಡಗಳ ಕೊನೆಯ ಮಡಿ ದಾಟುವಾಗ ಅವನು ಕುಡಿದವನಂತೆ ತೂರಾಡಿದ. ಕೆಮ್ಮಿದ. ಬಾಯಿಂದ ಬಂದ ನೊರೆ ಕೆಂಪಗಿತ್ತು. ಕಾವು ಕೈಜಾರಿತು, ಮಂಡಿ ಕುಸಿಯಿತು.

“ಇಳಿಸೇ... ನನ್ನ ಕೆಳಗಿಳಿಸೇ.”

ಇಳಿಸಿದರೆ ಅವನು ಬದುಕುತ್ತಾನೆಂದು ಅವಳಿಗೆ ಗೊತ್ತಿತ್ತು. ಬದುಕಿದರೆ ಏನು ಮಾಡುತ್ತಾನೆಂಬುದೂ ಗೊತ್ತಿತ್ತು. ತುಸು ದೂರದ ಕಲ್ಲಿನ ಮೇಲೆ ಕೂತಳು. ಅವನು ಉಗುರಿನಿಂದ ಮಣ್ಣು ಕೆರೆದ, ಅವಳ ಹೆತ್ತವರನ್ನೆಲ್ಲ ಬೈದ, ಅತ್ತ, ಆಮೇಲೆ ಸುಮ್ಮನಾದ. ಅವಳಿಗೆ ಅಳು ಬರಲಿಲ್ಲ, ಹಸಿವಾಯಿತು.

ಸಂಜೆಯ ಹೊತ್ತಿಗೆ ಹೇಸರಗತ್ತೆಯವನು ಹತ್ತಿ ಬಂದ. ಹೆಣವನ್ನು ನೋಡಿದ. ಅವಳ ಕಿವಿ ನೋಡಿ ತನ್ನ ಹೆಗಲಿನ ವಸ್ತ್ರ ತೆಗೆದುಕೊಟ್ಟ.

“ಗಂಡಸಿದ್ದಾನೆ ಅಂತ ಒಂದು ಮಾತು ಹಾಕು, ಅವನು ನಡುತೋಟದಲ್ಲಿ ನಿಲ್ಲೋದೇ ಇಲ್ಲ ಅಂದಿದ್ರಲ್ಲ ಅಕ್ಕಾ,” ಎಂದ. “ನಿಲ್ಲಲಿಲ್ಲ.”